ಗೋಡೆ ಮೊದಲು, ಜನ ಆಮೇಲೆ: ಬೀದಿ ಫೋಟೋದಲ್ಲಿ ಬಣ್ಣಗಳ ನೆಂಟಸ್ತಿಕೆ

ಪ್ರಶ್ನೆ: ನಾನು ಕುಮಟಾದವನು, ಕೆಲಸ ಕಾರವಾರದಲ್ಲಿ. ಎರಡು ವರ್ಷದಿಂದ ರಜೆಯ ದಿನ ಪೇಟೆ, ಮೀನು ಮಾರುಕಟ್ಟೆ, ಜಾತ್ರೆ ಅಂತ ಸುತ್ತಿ ಜನರ ಫೋಟೋ ತೆಗೆಯುತ್ತಿದ್ದೇನೆ. ಹಳೇ ಕ್ಯಾಮೆರಾ, ಅದರ ಜೊತೆಗೇ ಬಂದ 18–55 ಲೆನ್ಸ್. ತೆಗೆಯುವಾಗ ಬಣ್ಣ ನೋಡಿ ಖುಷಿಯಾಗುತ್ತದೆ. ಮನೆಗೆ ಬಂದು ನೋಡಿದರೆ ಎಲ್ಲ ಕಲಸುಮೇಲೋಗರ. ಕಪ್ಪು-ಬಿಳುಪು ಮಾಡಿದರೆ ಎಷ್ಟೋ ವಾಸಿ. ಆದರೆ ನಮ್ಮೂರಿನ ಬಣ್ಣ ಬಿಡೋಕೆ ಮನಸ್ಸಿಲ್ಲ. ಇಂಥ ಬಟ್ಟೆ ಹಾಕಿಕೊಂಡು ಬನ್ನಿ ಅಂತ ದಾರಿಹೋಕರಿಗೆ ಹೇಳೋಕಾಗುತ್ತಾ? ಹಾಗಿರುವಾಗ ಬಣ್ಣಕ್ಕೆ ಬಣ್ಣ ಹೊಂದಿಸುವುದು ಹೇಗೆ? ಒಂದು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮೊದಲು ನಿಮ್ಮ ಫೋಟೋದ ಮಾತು. ಮೀನು ಮಾರುವ ಅಮ್ಮ ಬಂಗಡೆ ಎಣಿಸಿ ಕೊಡುತ್ತಿದ್ದಾರೆ. ಬಾಯಿ ಅರ್ಧ ತೆರೆದಿದೆ, ಲೆಕ್ಕ ಇನ್ನೂ ನಾಲಿಗೆಯ ಮೇಲಿದೆ. ಆ ಗಳಿಗೆಯನ್ನು ಹಿಡಿದಿದ್ದೀರಲ್ಲ, ಅದು ಸುಲಭದ ಕೆಲಸವಲ್ಲ. ಮುಖ ಚೆನ್ನಾಗಿ ಬಂದಿದೆ, ಕೈ ಚೆನ್ನಾಗಿ ಬಂದಿದೆ. ಆದರೆ ಫೋಟೋ ತೆರೆದ ಕೂಡಲೇ ನನ್ನ ಕಣ್ಣು ಹೋದದ್ದು ಎಡ ಮೂಲೆಯ ಹಳದಿ ಪ್ಲಾಸ್ಟಿಕ್ ಟಬ್ಬಿಗೆ. ಅಲ್ಲಿಂದ ಹಿಂದೆ ನಿಂತವರ ಗುಲಾಬಿ ಅಂಗಿಗೆ. ಆಮೇಲೆ ಹಸಿರು ಕೊಡೆ, ನೀಲಿ ತಾಡಪಾಲು, ಗಿರಾಕಿಯ ಕೈಯ ಕಿತ್ತಳೆ ಚೀಲ. ಅಮ್ಮನ ಕಡುಗೆಂಪು ಸೀರೆಗೆ ಬರುವಷ್ಟರಲ್ಲಿ ಕಣ್ಣು ಸೋತಿತ್ತು. ಎಣಿಸಿದೆ, ಆರು ಬಣ್ಣ. ಆರೂ ಚೆಂದ. ಆರೂ ಒಂದೇ ಸಲ ಮಾತಾಡುತ್ತಿವೆ.

ಕಪ್ಪು-ಬಿಳುಪು ಮಾಡಿದಾಗ ವಾಸಿ ಅನಿಸಿದ್ದು ಇದಕ್ಕೇ. ಕೊಡೆ, ಅಂಗಿ, ತಾಡಪಾಲು ಮೂರೂ ಹೆಚ್ಚುಕಮ್ಮಿ ಒಂದೇ ಬೂದು ಬಣ್ಣಕ್ಕೆ ಇಳಿದವು. ಗದ್ದಲ ನಿಂತಿತು, ಮುಖ ಕಂಡಿತು. ಅಂದರೆ ಈ ಫೋಟೋದಲ್ಲಿ ಬಣ್ಣ ಏನೂ ಕೆಲಸ ಮಾಡುತ್ತಿರಲಿಲ್ಲ, ಸುಮ್ನೆ ಜಾಗ ಹಿಡಿದು ಕೂತಿತ್ತು. ನಿಮ್ಮ ಎಲ್ಲ ಫೋಟೋಗಳಿಗೂ ಇದೇ ಪರೀಕ್ಷೆ ಇಟ್ಟು ನೋಡಿ. ಬಣ್ಣ ತೆಗೆದರೆ ನಷ್ಟವೇ ಇಲ್ಲ ಅನ್ನುವ ಫೋಟೋ ಕಪ್ಪು-ಬಿಳುಪಾಗಿಯೇ ಇರಲಿ, ಅದರಲ್ಲಿ ತಪ್ಪೇನೂ ಇಲ್ಲ. ಬಣ್ಣ ತೆಗೆದ ಕೂಡಲೇ ಏನೋ ಹೊರಟುಹೋಯಿತು ಅನಿಸುವುದು ಸಿಕ್ಕರೆ, ಅದನ್ನು ಬೇರೆ ಇಟ್ಟುಕೊಳ್ಳಿ. ಎರಡು ವರ್ಷದ ರಾಶಿಯಲ್ಲಿ ಅಂಥವು ಹತ್ತಾದರೂ ಇದ್ದೇ ಇರುತ್ತವೆ. ಆ ಹತ್ತು ನಿಮಗೆ ನನಗಿಂತ ಜಾಸ್ತಿ ಕಲಿಸುತ್ತವೆ.

ಇನ್ನು ನಿಮ್ಮ ಪ್ರಶ್ನೆ. ಜನರ ಬಟ್ಟೆ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಗೋಡೆ ನಮ್ಮ ಕೈಯಲ್ಲಿದೆ. ಯಾವ ಗೋಡೆಯ ಎದುರು ನಿಲ್ಲಬೇಕು ಅನ್ನೋದು ಪೂರ್ತಿ ನಮ್ಮದೇ ತೀರ್ಮಾನ. ನೀವೀಗ ಜನರನ್ನು ಹುಡುಕಿಕೊಂಡು ಹೋಗುತ್ತೀರಿ. ಅವರ ಹಿಂದೆ ಯಾವ ಬಣ್ಣ ಸಿಕ್ಕಿತೋ ಅದೇ ಬಂತು. ಇದನ್ನು ತಿರುಗಿಸಿ. ಅಲುಗಾಡದ ಒಂದು ದೊಡ್ಡ ಬಣ್ಣವನ್ನು ಮೊದಲು ಹುಡುಕಿ. ಅದಕ್ಕೆ ನೆಂಟನಾಗುವ ಚಿಕ್ಕ ಬಣ್ಣ ತಾನಾಗಿ ನಡೆದು ಬರುವ ತನಕ ಕಾಯಿರಿ. ಇಪ್ಪತ್ತು ವರ್ಷದಿಂದ ಈ ಕರಾವಳಿಯ ಬೀದಿಗಳಲ್ಲಿ ಅಲೆದ ಮೇಲೆ ನನಗೆ ಗಟ್ಟಿಯಾಗಿ ಗೊತ್ತಾದದ್ದು ಇದೊಂದೇ.

ಒಂದು ಉದಾಹರಣೆ ಹೇಳುತ್ತೇನೆ. ಹೋದ ನವೆಂಬರಿನಲ್ಲಿ ಕಾರವಾರ ಪೇಟೆಯ ಒಂದು ಅಡ್ಡರಸ್ತೆಯಲ್ಲಿ ಮುಚ್ಚಿದ ಅಂಗಡಿಯ ಶಟರ್ ಕಂಡೆ. ನೀಲಿ ಬಣ್ಣ ಬಳಿದದ್ದು. ಉಪ್ಪುಗಾಳಿಗೆ ಕೆಳಗಿನ ಒಂದಡಿ ತುಕ್ಕು ಹಿಡಿದು ಕಂದಾಗಿತ್ತು. ಪಕ್ಕದಲ್ಲಿ ಹಳೇ ಸುಣ್ಣದ ಗೋಡೆ. ಬೋರ್ಡಿಲ್ಲ, ಪೋಸ್ಟರಿಲ್ಲ, ನಿಲ್ಲಿಸಿದ ಬೈಕಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತೆ. ಮೊದಲು ಒಬ್ಬರು ನೀಲಿ ಅಂಗಿಯವರು ಹೋದರು. ಅಂಗಿ ಶಟರಿನಲ್ಲಿ ಕರಗಿಹೋಗಿ ತಲೆ ಮತ್ತು ಕೈ ಮಾತ್ರ ಉಳಿದವು. ವಿಚಿತ್ರವಾಗಿತ್ತು, ತೆಗೆದೆ. ಆಮೇಲೆ ಶಾಲೆ ಬಿಟ್ಟ ಮಕ್ಕಳು, ಅವರನ್ನು ಬಿಟ್ಟೆ. ದಟ್ಟ ಕೆಂಪು ಸೀರೆಯವರೊಬ್ಬರು ಬಂದರು. ಸೀರೆಯ ಕೆಂಪೂ ಗಟ್ಟಿ, ಶಟರಿನ ನೀಲಿಯೂ ಗಟ್ಟಿ, ಇಬ್ಬರೂ ಸಮಸಮ. ಫೋಟೋ ಜೋರಾಗಿ ಕೂಗಿತು ಅಷ್ಟೇ. ಮುಕ್ಕಾಲು ಗಂಟೆ ಕಳೆದ ಮೇಲೆ ಒಬ್ಬ ಅಜ್ಜಿ ಖಾಲಿ ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ಬಂದರು. ಮಾಸಿದ ಬೂದು ಸೀರೆ. ತುರುಬಿನಲ್ಲಿ ಅಬ್ಬಲಿಗೆ ದಂಡೆ. ಶಟರಿನ ಎದುರು ಬಂದಾಗ ಯಾರೋ ಕರೆದರು ಅಂತ ಆಚೆ ತಿರುಗಿದರು. ಆ ಅಬ್ಬಲಿಗೆಯ ಕಿತ್ತಳೆ ನೀಲಿಯ ಮೇಲೆ ಕೆಂಡದ ಹಾಗೆ ಕೂತಿತು. ಕೆಳಗಿನ ತುಕ್ಕಿನ ಪಟ್ಟಿ ಅದಕ್ಕೆ ಓಗೊಟ್ಟಿತು. ಇಡೀ ಫೋಟೋದಲ್ಲಿ ಆ ಹೂವಿನ ಅಳತೆ ಒಂದು ನಿಂಬೆಹಣ್ಣಿನಷ್ಟೂ ಇಲ್ಲ. ಆದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಅಲ್ಲಿಂದ ಅಜ್ಜಿಯ ಕುತ್ತಿಗೆಯ ತಿರುವಿಗೆ, ಅಲ್ಲಿಂದ ಅವರು ನೋಡುತ್ತಿರುವ ಕಡೆಗೆ.

ಆ ದಿನ 31 ಸಲ ಒತ್ತಿದ್ದೆ. ಇಟ್ಟುಕೊಂಡದ್ದು ಎರಡು. ಇದು ಕಡಿಮೆ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಆ ಚಿಕ್ಕ ಹೂವಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಬಣ್ಣ ಯಾವತ್ತೂ ಒಂಟಿಯಾಗಿ ಕಾಣುವುದಿಲ್ಲ. ಪಕ್ಕದಲ್ಲಿ ಏನಿದೆ ಅನ್ನೋದರ ಮೇಲೆ ಅದು ಬೇರೆಯಾಗುತ್ತದೆ. ಪ್ಯಾರಿಸ್‌ನ ಗೊಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಅನ್ನುವ ರಸಾಯನಶಾಸ್ತ್ರಜ್ಞ 1824ರಿಂದ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದರು. ನೀಲಿ, ನೇರಳೆ ಬಟ್ಟೆಯಲ್ಲಿ ನೆರಳಿಗೆ ಬಳಸುವ ಕಪ್ಪು ನೂಲು ಕಳೆಗುಂದಿದೆ ಅಂತ ದೂರು ಬಂತು. ಅವರು ನೂಲನ್ನು ಪರೀಕ್ಷೆ ಮಾಡಿದರು. ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದ ನೀಲಿಯೇ ಕಪ್ಪಿನ ಕಳೆ ಕದಿಯುತ್ತಿತ್ತು. ಒಂದರ ಪಕ್ಕ ಒಂದು ಇಟ್ಟಾಗ ಎರಡು ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಅಂತ 1839ರಲ್ಲಿ ಅವರು ಬರೆದದ್ದು ಆಮೇಲೆ ಚಿತ್ರಕಾರರಿಗೆಲ್ಲ ದಾರಿಯಾಯಿತು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಓದದೆಯೇ ಗೊತ್ತು. ಶಿರಸಿಯ ಯಾವುದಾದರೂ ಬಟ್ಟೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ. ಸೀರೆ ಮಡಿಲಲ್ಲಿ ಹಾಕಿಕೊಂಡು ಹತ್ತು ಬ್ಲೌಸ್ ಪೀಸ್ ಇಟ್ಟು ತೆಗೆದು ಮಾಡುತ್ತಾರೆ. "ಮ್ಯಾಚಿಂಗ್ ಬೇಡ, ಕಾಂಟ್ರಾಸ್ಟ್ ಕೊಡಿ" ಅನ್ನುತ್ತಾರೆ. ಅಂಚಿನಲ್ಲಿರುವ ಒಂದೇ ಎಳೆ ಬಣ್ಣ ಹಿಡಿದು ಬ್ಲೌಸ್ ಆರಿಸುತ್ತಾರೆ. ಕೊನೆಗೆ ಎರಡನ್ನೂ ಎತ್ತಿಕೊಂಡು ಬಾಗಿಲ ಬೆಳಕಿಗೆ ಬರುತ್ತಾರೆ, ಟ್ಯೂಬ್‌ಲೈಟಿನ ಮಾತು ನಂಬಬಾರದು ಅಂತ ಅವರಿಗೆ ಗೊತ್ತು. ನೀವು ಬೀದಿಯಲ್ಲಿ ಮಾಡಬೇಕಾದ ಕೆಲಸ ಪೂರ್ತಿ ಇದೇ. ಸೀರೆ ಅಂದರೆ ನಿಮ್ಮ ಗೋಡೆ. ಬ್ಲೌಸ್ ಪೀಸ್ ಅಂದರೆ ಬರುವ ಜನ.

ಅಳತೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಬಣ್ಣದ ಜೋಡಿ ಕಲಿಯುತ್ತಾರೆ, ಅಳತೆ ಕಲಿಯುವುದಿಲ್ಲ. ನೀಲಿಗೆ ಕಿತ್ತಳೆ, ಕೆಂಪಿಗೆ ಹಸಿರು, ಹಳದಿಗೆ ನೇರಳೆ, ಈ ಎದುರು ಬಣ್ಣಗಳ ಪಟ್ಟಿ ನಿಮಗೂ ಗೊತ್ತಿರಬಹುದು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಹೇಳಿದ ಯೋಹಾನೆಸ್ ಇಟೆನ್, ಜರ್ಮನ್ ಕವಿ ಗಯಟೆ ಕೊಟ್ಟ ಬೆಳಕಿನ ಅಳತೆ ಹಿಡಿದು ಒಂದು ಲೆಕ್ಕ ಹಾಕಿದ್ದರು. ಹಳದಿ ಒಂದು ಪಾಲಾದರೆ ನೇರಳೆ ಮೂರು ಪಾಲು. ಕಿತ್ತಳೆ ಒಂದಾದರೆ ನೀಲಿ ಎರಡು. ಕೆಂಪು-ಹಸಿರು ಸಮಪಾಲು. ಹೀಗಿದ್ದರೆ ಎರಡೂ ಶಾಂತವಾಗಿ ತೂಗುತ್ತವೆ ಅಂತ. ಆದರೆ ಬೀದಿ ಫೋಟೋಕ್ಕೆ ಈ ಶಾಂತ ತೂಕ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅರ್ಧ ಕೆಂಪು, ಅರ್ಧ ಹಸಿರು ಇರುವ ಫೋಟೋದಲ್ಲಿ ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ತಿಳಿಯುವುದಿಲ್ಲ. ಬಾಳೆಲೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸುತ್ತಾರಲ್ಲ, ಅಷ್ಟು ಸಾಕು. ದೊಡ್ಡದು ದೊಡ್ಡದಾಗಿಯೇ ಇರಲಿ, ಚಿಕ್ಕದು ತೀರಾ ಚಿಕ್ಕದಾಗಿರಲಿ. ಗಾಢ ಬಣ್ಣ ಚಿಕ್ಕದರ ಪಾಲಿಗೆ ಬರಲಿ.

ಇದೇ ಕಾರಣಕ್ಕೆ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಒಮ್ಮೆ ಕ್ಯಾಮೆರಾ ಇಲ್ಲದೆ ನೋಡಿ ಬನ್ನಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೆರೆದು ಒಳಗಿನ ಬಿಳಿ ತೆಗೆದ ಚಿತ್ರ. ಇರುವುದು ಎರಡೇ ಬಣ್ಣ. ದೇವರು, ಬಳ್ಳಿ, ಪ್ರಾಣಿ ಎಲ್ಲ ಅಷ್ಟರಲ್ಲೇ ಆಗಿದೆ. ಅದನ್ನು ನೋಡಿದ ಮೇಲೆ ಆರು ಬಣ್ಣ ಬೇಕು ಅನಿಸುವುದಿಲ್ಲ.

ಎದುರು ಬಣ್ಣ ಒಂದೇ ನೆಂಟಸ್ತಿಕೆ ಅಲ್ಲ. ನನಗೆ ಇದಕ್ಕಿಂತ ಇಷ್ಟವಾದದ್ದು ಓಗೊಡುವ ಬಣ್ಣ. ಒಂದೇ ಬಣ್ಣ ಎರಡು ಕಡೆ ಕಂಡರೆ ಕಣ್ಣು ಅವೆರಡನ್ನೂ ಒಂದು ಗೆರೆಯಲ್ಲಿ ಕಟ್ಟುತ್ತದೆ. ಕಾರವಾರ ಬಸ್ ನಿಲ್ದಾಣದಲ್ಲಿ ಒಬ್ಬರು ಹಸಿರು ಕೊಡ ಇಟ್ಟುಕೊಂಡು ಕೂತಿದ್ದಾರೆ. ಹತ್ತು ಮಾರು ಆಚೆ ಇನ್ನೊಬ್ಬರು ಅದೇ ಹಸಿರಿನ ಶಾಲು ಹೊದ್ದು ನಿಂತಿದ್ದಾರೆ. ಒಬ್ಬರಿಗೊಬ್ಬರ ಪರಿಚಯವಿಲ್ಲ. ಫೋಟೋದಲ್ಲಿ ಇಬ್ಬರೂ ಒಂದೇ ಕಥೆಯವರಾಗುತ್ತಾರೆ. ಬಣ್ಣಕ್ಕೆ ಮಾತ್ರ ಆಗುವ ಕೆಲಸ ಇದು. ಬೂದು ಮಾಡಿದರೆ ಆ ಸಂಬಂಧವೇ ಅಳಿಸಿಹೋಗುತ್ತದೆ. ಒಂದು ಮಾತು ನೆನಪಿಡಿ, ಎರಡರ ನಡುವೆ ಜಾಗ ಖಾಲಿ ಇರಬೇಕು. ನಡುವೆ ಮೂರನೆಯ ಗಾಢ ಬಣ್ಣ ನುಗ್ಗಿದರೆ ಗೆರೆ ಕಡಿಯುತ್ತದೆ.

ಘಟ್ಟ ಹತ್ತಿದರೆ ಬೇರೆಯೇ ಲೆಕ್ಕ. ಜುಲೈ ತಿಂಗಳ ಶಿರಸಿಯಲ್ಲಿ ಎದುರು ಬಣ್ಣ ಹುಡುಕುವುದು ಬೇಡ. ಅಲ್ಲಿ ಹಸಿರು, ಹಸಿರಿನ ಪಕ್ಕದ ನೀಲಿ, ಮಳೆಯ ಬೂದು, ಇಷ್ಟೇ. ಹಾವಸೆ ಕಟ್ಟಿದ ಚಿರೆಕಲ್ಲು ಗೋಡೆ, ಒದ್ದೆ ಹೆಂಚು, ಕಂಬಳಿ ಕೊಪ್ಪೆಯೋ ನೀಲಿ ಪ್ಲಾಸ್ಟಿಕ್ ಕೊಪ್ಪೆಯೋ ಹಾಕಿಕೊಂಡು ಹೋಗುವವರು. ಪಕ್ಕಪಕ್ಕದ ಬಣ್ಣಗಳು ಸೇರಿದಾಗ ಫೋಟೋ ಮೆಲ್ಲಗೆ ಮಾತಾಡುತ್ತದೆ. ಕೆಂಪು ಬಸ್ಸು ಬರಲಿ ಅಂತ ಕಾಯುವ ಆಸೆ ಎಲ್ಲರಿಗೂ ಆಗುತ್ತದೆ, ನನಗೂ ಆಗುತ್ತಿತ್ತು. ಒಂದೆರಡು ತೆಗೆದು ಬಿಟ್ಟುಬಿಡಿ. ಬಸ್ಸಿನ ಒಳಗೆ ಕೂತು ಹಬೆ ಹಿಡಿದ ಗಾಜಿನ ಮೂಲಕ ಹೊರಗೆ ನೋಡಿದರೆ ಇನ್ನೂ ಚೆಂದ. ನ್ಯೂಯಾರ್ಕಿನ ಸಾಲ್ ಲೀಟರ್ ಚಿತ್ರಕಾರರೂ ಹೌದು, ಫೋಟೋಗ್ರಾಫರೂ ಹೌದು. ಮಂಜುಗಟ್ಟಿದ ಗಾಜಿನ ಆಚೆಗಿನ ಒಂದು ಕೊಡೆ, ಒಂದು ಚೂರು ಕೆಂಪು, ಇಷ್ಟರಲ್ಲೇ ಬೀದಿಯನ್ನು ಕಟ್ಟುತ್ತಿದ್ದರು. ಅವರ ಫೋಟೋ ನೋಡಿ, ಆಮೇಲೆ ಶಿರಸಿ-ಕುಮಟಾ ಬಸ್ಸಿನಲ್ಲಿ ಮಳೆಗಾಲದಲ್ಲಿ ಒಮ್ಮೆ ಕಿಟಕಿ ಸೀಟು ಹಿಡಿಯಿರಿ.

ಈಗ ಬೆಳಕು. ನಿಮ್ಮ ಮಾರುಕಟ್ಟೆ ಫೋಟೋದಲ್ಲಿ ಅಮ್ಮನ ಮುಖ ಸ್ವಲ್ಪ ನೀಲಿ, ಸೀರೆಯ ಕೆಂಪು ಕಪ್ಪಿಟ್ಟಿದೆ. ಇದು ಕ್ಯಾಮೆರಾದ ತಪ್ಪಲ್ಲ, ತಾಡಪಾಲಿನದು. ನೀಲಿ ತಾಡಪಾಲಿನ ಮೂಲಕ ಇಳಿದ ಬೆಳಕಿನಲ್ಲಿ ಕೆಂಪು ತೀರಾ ಕಡಿಮೆ. ಬೆಳಕಿನಲ್ಲೇ ಕೆಂಪಿಲ್ಲದಿದ್ದರೆ ಕೆಂಪು ಸೀರೆ ಕೆಂಪಾಗಿ ಕಾಣೋದು ಹೇಗೆ? ತರಕಾರಿಯವರು ಕೆಂಪು ತಾಡಪಾಲು ಕಟ್ಟಿದರೆ ಅದೇ ಟೊಮೆಟೊ ಇನ್ನೂ ಕೆಂಪಗೆ ಕಾಣೋದೂ ಇದೇ ಲೆಕ್ಕ. ಕಂಪ್ಯೂಟರಿನಲ್ಲಿ ಇದನ್ನು ಪೂರ್ತಿ ಸರಿ ಮಾಡೋಕೂ ಆಗಲ್ಲ. ತಾಡಪಾಲಿನ ನೀಲಿ ಒಂದು ಕಡೆಯಿಂದ, ಬೀದಿಯ ಬಿಸಿಲು ಇನ್ನೊಂದು ಕಡೆಯಿಂದ ಬಂದು ಬೆರೆತಿರುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ.

ಹಾಗಾಗಿ ಮೀನು ಮಾರುಕಟ್ಟೆಯಲ್ಲಿ ನಾನು ನಿಲ್ಲುವುದು ತಾಡಪಾಲಿನ ಅಂಚಿನಲ್ಲಿ. ಅಂಚಿನಲ್ಲಿ ಕೂತವರಿಗೆ ಹೊರಗಿನ ಬೆಳಕು ಪಕ್ಕದಿಂದ ಮುಖಕ್ಕೆ ಬೀಳುತ್ತದೆ. ಮೈಬಣ್ಣ ಮೈಬಣ್ಣವಾಗಿಯೇ ಇರುತ್ತದೆ. ಅವರ ಹಿಂದೆ ತಾಡಪಾಲಿನ ಒಳಗಿನ ನೀಲಿ ಮಬ್ಬು, ಅದರಲ್ಲಿ ಮುಳುಗಿದ ಜನ. ಮನುಷ್ಯರ ಮೈಬಣ್ಣ ಯಾವುದೇ ಇರಲಿ, ಅದು ಕಿತ್ತಳೆಯ ಮನೆತನದ್ದೇ. ನೀಲಿಯ ಎದುರು ಅದು ತಾನಾಗಿ ಬೆಳಗುತ್ತದೆ. ಅಂದರೆ ಇಷ್ಟು ದಿನ ನಿಮಗೆ ಕಾಟ ಕೊಟ್ಟ ತಾಡಪಾಲೇ ನಿಮ್ಮ ಗೋಡೆ. ನಮ್ಮ ಕರಾವಳಿಯಲ್ಲಿ ಇಂಥ ಗೋಡೆ ಬೇಕಾದಷ್ಟಿವೆ.

ಸಂಜೆಯ ಬಿಸಿಲಿನ ಬಗ್ಗೆಯೂ ಹೇಳಲೇಬೇಕು. ಕಾರವಾರದ ಸಮುದ್ರ ಪಶ್ಚಿಮಕ್ಕಿದೆ. ಸೂರ್ಯ ಮುಳುಗುವ ಹೊತ್ತಿಗೆ ಬೆಳಕು ತಡೆಯಿಲ್ಲದೆ ಅಡ್ಡಡ್ಡ ಬರುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದರ ಮೇಲೆ ನೋಡಿ. ಬಿಸಿಲು ಬಿದ್ದ ಜಾಗ ಅರಿಸಿನ, ನೆರಳಿನ ಜಾಗ ನೀಲಿ. ನೆರಳಿಗೆ ಬೆಳಕು ಕೊಡುವುದು ಆಕಾಶ, ಅದಕ್ಕೇ ಆ ನೀಲಿ. ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ಬಿಡುತ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಗೋಕರ್ಣದ ರಥಬೀದಿಯಲ್ಲಿ ಬಿಳಿ ಪಂಚೆ ಉಟ್ಟವರು ನೆರಳಿನಿಂದ ಬಿಸಿಲಿಗೆ ಕಾಲಿಡುವಾಗ ತೆಗೆಯಿರಿ. ಒಂದೇ ಪಂಚೆಯ ಅರ್ಧ ತಿಳಿನೀಲಿ, ಅರ್ಧ ಹಳದಿ. ಯಾರೂ ಬಣ್ಣದ ಬಟ್ಟೆಯೇ ಹಾಕಿಲ್ಲ, ಆದರೂ ಎದುರು ಬಣ್ಣಗಳ ಫೋಟೋ ಸಿಕ್ಕಿತು. ಆದರೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಮಾಡುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಕ್ಯಾಮೆರಾ ಬಿಸಿಲಿನ ಅರಿಸಿನವನ್ನು ತೊಳೆಯಲು ನೋಡುತ್ತದೆ. ಹಗಲಿಡೀ ಡೇಲೈಟ್‌ನಲ್ಲೇ ಇಡಿ, ಸುಮಾರು 5500 ಕೆಲ್ವಿನ್. ಮುಟ್ಟಬೇಡಿ. ಇದೊಂದು ಬದಲಾವಣೆಯಿಂದ ನಿಮ್ಮ ಬಣ್ಣದ ಅರ್ಧ ಸಮಸ್ಯೆ ಹೋಗುತ್ತದೆ ಅಂತ ಧೈರ್ಯವಾಗಿ ಹೇಳುತ್ತೇನೆ.

ದಟ್ಟ ನೆರಳು, ಅದರ ನಡುವೆ ಬಿಸಿಲಿನ ತುಂಡು, ಆ ತುಂಡಿನಲ್ಲಿ ಬಣ್ಣ. ಇದನ್ನು ಅಮೆರಿಕದ ಫೋಟೋಗ್ರಾಫರ್ ಅಲೆಕ್ಸ್ ವೆಬ್ ಅವರಷ್ಟು ಚೆನ್ನಾಗಿ ಮಾಡಿದವರನ್ನು ನಾನು ಕಂಡಿಲ್ಲ. ಶುರುವಿನಲ್ಲಿ ಕಪ್ಪು-ಬಿಳುಪಿನಲ್ಲಿದ್ದವರು, ಹೈಟಿ, ಮೆಕ್ಸಿಕೋ ಗಡಿಯ ಬಿಸಿಲು ನೋಡಿದ ಮೇಲೆ ಬಣ್ಣಕ್ಕೆ ಬಂದರು. ನಮ್ಮವರೇ ಆದ ರಘುಬೀರ್ ಸಿಂಗ್ (1942–1999) ಅವರ ಕೆಲಸವನ್ನೂ ತಪ್ಪದೆ ನೋಡಿ. ಗಂಭೀರ ಫೋಟೋ ಅಂದರೆ ಕಪ್ಪು-ಬಿಳುಪು ಅಂತ ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಅವರು ಭಾರತದ ಬೀದಿಗಳನ್ನು ಬಣ್ಣದಲ್ಲೇ ತೆಗೆದರು. ಅವರ ಒಂದು ಫೋಟೋದಲ್ಲಿ ಹತ್ತು ಜನ ಇದ್ದರೂ ಗದ್ದಲ ಅನಿಸುವುದಿಲ್ಲ. ಯಾಕೆ ಅಂತ ಬಣ್ಣ ಎಣಿಸುತ್ತಾ ನೋಡಿ.

ಕ್ಯಾಮೆರಾದ ಮಾತು ಬೇಗ ಮುಗಿಸುತ್ತೇನೆ. ನಿಮ್ಮ 18–55 ಸಾಕು, ಹೊಸದು ಕೊಳ್ಳಬೇಡಿ. 18ಕ್ಕೆ, ಅಂದರೆ ಅತಿ ಅಗಲ ಕಾಣುವ ತುದಿಗೆ ಇಡಿ, ಎಫ್ 8, ಶಟರ್ 1/250 ಅಥವಾ ಅದಕ್ಕಿಂತ ವೇಗ, ಐಎಸ್‌ಒ ಆಟೋ. ಎರಡು ಮೀಟರ್ ದೂರದ ಯಾವುದಕ್ಕಾದರೂ ಆಟೋಫೋಕಸ್ ಮಾಡಿ, ಆಮೇಲೆ ಲೆನ್ಸನ್ನು ಮ್ಯಾನ್ಯುಯಲ್‌ಗೆ ಹಾಕಿ. ನಿಮ್ಮದು ಸಾಮಾನ್ಯ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಆದರೆ ಹೆಚ್ಚುಕಮ್ಮಿ ಒಂದು ಮೀಟರಿನಿಂದ ಆಚೆಗಿನದೆಲ್ಲ ಸ್ಪಷ್ಟ ಬರುತ್ತದೆ. ಫೋಕಸ್ಸಿಗೆ ಕಾಯುವ ಕೆಲಸ ಇಲ್ಲ. ಕಣ್ಣು ಪೂರ್ತಿ ಬಣ್ಣಕ್ಕೆ, ಗಳಿಗೆಗೆ ಬಿಡುವಾಗುತ್ತದೆ.

ಕೆಂಪಿನ ಮೇಲೆ ಮಾತ್ರ ನಿಗಾ ಬೇಕು. ಜಾತ್ರೆಯ ಕುಂಕುಮದ ರಾಶಿ, ಬಳೆ ಅಂಗಡಿ, ದಾಸವಾಳ, ಇವೆಲ್ಲ ಫೋಟೋದಲ್ಲಿ ಒಂದೇ ಕೆಂಪು ಮುದ್ದೆಯಾಗಿ ಬರುತ್ತವೆ, ಒಳಗಿನ ಮಡಿಕೆ, ಗೆರೆ ಏನೂ ಇರುವುದಿಲ್ಲ, ಅಲ್ವಾ? ಸೆನ್ಸರಿನ ಪ್ರತಿ ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಕ್ಯಾಮೆರಾ ಬೆಳಕು ಲೆಕ್ಕ ಹಾಕುವಾಗ ಹಸಿರಿನ ಮಾತು ಜಾಸ್ತಿ ನಡೆಯುತ್ತದೆ. ಇನ್ನೂ ಜಾಗ ಇದೆ ಅಂತ ಅದು ಅಂದುಕೊಳ್ಳುವಷ್ಟರಲ್ಲಿ ಕೆಂಪಿನ ಲೋಟ ತುಂಬಿ ಚೆಲ್ಲಿರುತ್ತದೆ. ಎಕ್ಸ್‌ಪೋಶರ್ (ಒಳಗೆ ಬಿಡುವ ಬೆಳಕು) ಅರ್ಧ ಸ್ಟಾಪಿನಿಂದ ಮುಕ್ಕಾಲು ಸ್ಟಾಪು ತಗ್ಗಿಸಿ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಜಾತ್ರೆ, ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷದ ಕುಣಿತ. ಎರಡರಲ್ಲೂ ಕೆಂಪೇ ಕೆಂಪು. ಈ ಅಭ್ಯಾಸ ಅಲ್ಲಿ ಕೈ ಹಿಡಿಯುತ್ತದೆ.

ಎಡಿಟಿಂಗಿನಲ್ಲಿ ಒಂದೇ ನಿಯಮ. ಬೇಕಾದ ಬಣ್ಣವನ್ನು ಏರಿಸಬೇಡಿ, ಬೇಡದ್ದನ್ನು ಇಳಿಸಿ. ಸ್ಯಾಚುರೇಶನ್ (ಬಣ್ಣದ ಗಾಢತೆ) ಗೆರೆ ಬಲಕ್ಕೆ ಎಳೆದರೆ ಆರೂ ಬಣ್ಣ ಒಟ್ಟಿಗೆ ಕಿರುಚುತ್ತವೆ. ಬಣ್ಣಬಣ್ಣಕ್ಕೆ ಬೇರೆ ಬೇರೆ ಗೆರೆ ಇರುತ್ತದಲ್ಲ, ಅಲ್ಲಿ ಹೋಗಿ ಹಸಿರನ್ನು ಸ್ವಲ್ಪ ತಗ್ಗಿಸಿ. ಮಲೆನಾಡಿನ ಫೋಟೋಗಳಲ್ಲಿ ಮುಕ್ಕಾಲು ಪಾಲು ಇದೊಂದರಿಂದಲೇ ಉಸಿರಾಡುತ್ತವೆ. ಇಲ್ಲದ ಬಣ್ಣ ಹಚ್ಚುವುದು, ಅಂಗಿಯ ಬಣ್ಣ ಬದಲಿಸುವುದು, ಇದನ್ನು ನಾನು ಒಪ್ಪುವುದಿಲ್ಲ. ಆ ದಿನ ಆ ಬೀದಿಯಲ್ಲಿ ಇದ್ದದ್ದು ಇದು ಅಂತ ನೋಡುವವರು ನಂಬಿರುತ್ತಾರೆ.

ಜನರ ಬಗ್ಗೆ ನಾಲ್ಕು ಮಾತು ಹೇಳದೆ ಮುಗಿಸಲಾರೆ. ಗೋಡೆ ಎದುರು ಕೂತು ಕಾಯುವುದರಲ್ಲಿ ಇನ್ನೊಂದು ಒಳ್ಳೆಯದಿದೆ. ನೀವು ಯಾರ ಬೆನ್ನನ್ನೂ ಹತ್ತುವುದಿಲ್ಲ. ಹತ್ತು ನಿಮಿಷದಲ್ಲಿ ಬೀದಿಯವರಿಗೆ ನೀವು ಅಲ್ಲಿರುವುದು ಗೊತ್ತಾಗುತ್ತದೆ, ಇಪ್ಪತ್ತು ನಿಮಿಷಕ್ಕೆ ಮರೆತುಹೋಗುತ್ತದೆ. ಮಾರುಕಟ್ಟೆಯಲ್ಲಿ ಬೋಣಿ ಆಗುವ ಮುಂಚೆ ಕ್ಯಾಮೆರಾ ಎತ್ತಬೇಡಿ. "ತಮ್ಮಾ, ಮೀನು ಬೇಕಾ, ಬರೀ ಫೋಟೋನಾ?" ಅಂತ ಕೇಳಿದರೆ ಮೀನು ತಗೊಳ್ಳಿ, ಆಮೇಲೆ ಮಾತಾಡಿ. ಯಾರಾದರೂ ಬೇಡ ಅಂತ ಕೈ ಅಡ್ಡ ಹಿಡಿದರೆ ಅಲ್ಲಿಗೆ ಬಿಟ್ಟುಬಿಡಿ, ತೆಗೆದದ್ದನ್ನು ಅವರ ಎದುರೇ ಅಳಿಸಿ.

ಅಂಕೋಲಾ ಸಂತೆಯಲ್ಲಿ ಹಾಲಕ್ಕಿ ಸಮುದಾಯದ ಅಜ್ಜಿಯರು ಕಂಡರೆ ಇನ್ನೂ ಹುಷಾರಾಗಿರಿ. ಕುತ್ತಿಗೆ ತುಂಬ ಮಣಿಸರ, ಅವರದೇ ರೀತಿಯಲ್ಲಿ ಉಟ್ಟ ಸೀರೆ, ಬಣ್ಣ ಹುಡುಕುವ ಕಣ್ಣಿಗೆ ಹಬ್ಬದ ಹಾಗೆ ಕಾಣುತ್ತದೆ. ಆದರೆ ಅದು ವೇಷವಲ್ಲ, ಅವರು ದಿನಾ ಉಡುವ ಬಟ್ಟೆ. ಅವರನ್ನು ಬರೀ ಬಣ್ಣದ ಚುಕ್ಕೆಯ ಹಾಗೆ ಬಳಸಿದ ಎಷ್ಟೋ ಫೋಟೋ ನೋಡಿ ನನಗೆ ಸಂಕಟವಾಗಿದೆ. ಅಲ್ಲಿ ಕದ್ದು ತೆಗೆಯಬೇಡಿ. ಪಕ್ಕದಲ್ಲಿ ಕೂತು, ಮಾತಾಡಿ, ಕೇಳಿ ತೆಗೆಯಿರಿ. ಕಾರವಾರದಲ್ಲಿ ನೌಕಾನೆಲೆಯ ಸುತ್ತ ಮಾತ್ರ ಕ್ಯಾಮೆರಾ ಚೀಲದಲ್ಲೇ ಇರಲಿ.

ನಿಮ್ಮ ಫೋಟೋಕ್ಕೆ ವಾಪಸ್ ಬರುತ್ತೇನೆ. ಅದೇ ಅಮ್ಮ, ಅದೇ ಜಾಗ. ನೀವು ಎಡಕ್ಕೆ ಎರಡು ಹೆಜ್ಜೆ ಇಟ್ಟು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದ್ದರೆ ಹಳದಿ ಟಬ್ಬು ಹೊರಗೆ ಉಳಿಯುತ್ತಿತ್ತು. ಮೊಣಕಾಲೂರಿ ಕೂತಿದ್ದರೆ ಗುಲಾಬಿ ಅಂಗಿ ಮತ್ತು ಕೊಡೆ ಅಮ್ಮನ ಭುಜದ ಹಿಂದೆ ಮರೆಯಾಗಿ ತಾಡಪಾಲಿನ ನೀಲಿ ಮಾತ್ರ ಉಳಿಯುತ್ತಿತ್ತು. ಕಿತ್ತಳೆ ಚೀಲ ಇರಲಿ, ಅದು ನೀಲಿಯ ನೆಂಟ. ಅಮ್ಮನ ಕೈ ಚೀಲದ ಹತ್ತಿರ ಬಂದ ಕೂಡಲೇ ಒತ್ತಬೇಕು. ನೀಲಿ, ಕಡುಗೆಂಪು, ಒಂದು ಚೂರು ಕಿತ್ತಳೆ, ಬಂಗಡೆಯ ಬೆಳ್ಳಿ. ಅಷ್ಟೇ.

ಅಭ್ಯಾಸಕ್ಕೆ ಒಳ್ಳೆಯ ಜಾಗ ಹೇಳಿಬಿಡುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿ ನಿಂತಿರುತ್ತವೆ, ಬಲೆ ದುರಸ್ತಿ ಮಾಡುವವರು ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕೂತಿರುತ್ತಾರೆ. ಒಳಗೆ ಹೋಗುವ ಮುಂಚೆ ಅಲ್ಲಿನವರನ್ನು ಕೇಳಿ. ಬಲೆಯ ರಾಶಿಯೇ ನಿಮ್ಮ ಗೋಡೆ, ಹಸಿರೋ ನೀಲಿಯೋ ಒಂದನ್ನು ಆರಿಸಿ. ಒಂದು ದಿನಕ್ಕೆ ಒಂದೇ ರಾಶಿ. ಅದರ ಎದುರು ಏನು ಬಂದು ಹೋಯಿತು, ಯಾವುದು ಕೂತಿತು, ಯಾವುದು ಕೂರಲಿಲ್ಲ ಅಂತ ಮನೆಗೆ ಬಂದು ಬರೆದಿಡಿ. ಮಳೆ ಬಂದರೆ ಅಲ್ಲೇ ಸೂರಿನ ಕೆಳಗೆ ನಿಲ್ಲಿ. ಒದ್ದೆಯಾದ ಬಲೆಯ ಬಣ್ಣ ಒಣಗಿದ್ದಕ್ಕಿಂತ ಗಾಢವಾಗಿರುತ್ತದೆ.